ತಂಗಿಯ ಕಡಿತ, ಅವ್ವನ ಹಳೆಯ ಸೀರೆ

ನಾಲ್ಕು ಸವೆದ ಹತ್ತಿ ಸೀರೆಗೆ ನಾನು ಒಂದು ದೊಡ್ಡ ಸ್ಟೀಲ್ ಕೊಡ, ಎರಡು ಬೋಗುಣಿ ಕೊಟ್ಟೆ. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ನನ್ನ ವ್ಯಾಪಾರದಲ್ಲಿ ಅಂಥ ಸೀರೆಗಳಿಗೆ ಒಂದು ಚಹಾ ಸೋಸುವ ಜರಡಿ ಕೊಟ್ಟರೂ ಹೆಚ್ಚೇ. ಕುಷ್ಟಗಿಯ ಆ ಮುದುಕಿ ಕೊಡವನ್ನು ಬಡಿದು ನೋಡಿ, ಆಮೇಲೆ ನನ್ನ ಮುಖ ನೋಡಿ, “ಯವ್ವಾ, ತಲಿ ನೆಟ್ಟಗೈತಿಲ್ಲೊ ನಿಂದು?” ಎಂದು ಕೇಳಿದ್ದಳು. ತಲೆ ನೆಟ್ಟಗೇ ಇತ್ತು. ನನ್ನ ತಂಗಿಗೆ ಯೋನಿಯ ಸುತ್ತಲಿನ ಚರ್ಮ ಕೆಂಪಾಗಿ, ಉರಿದು, ಕಡಿದು, ಆಕೆಯ ಸಂಸಾರವೇ ಮುರಿಯುವ ಹಂತಕ್ಕೆ ಬಂದಿತ್ತು. ಅದಕ್ಕೆ ಅರ್ಧ ಕಾರಣ ನನ್ನ ಜಾಣತನ. ಆ ಜಾಣತನದ ದಂಡವನ್ನೇ ನಾನು ಪಾತ್ರೆಯ ರೂಪದಲ್ಲಿ ಕಟ್ಟಿದ್ದು.

ಕೊಪ್ಪಳ ಹೊಸದಾಗಿ ಜಿಲ್ಲೆಯಾದ ಕಾಲ ಅದು. ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರು. ಯಲಬುರ್ಗಾದ ಒಂದು ಬಾಡಿಗೆ ಕೋಣೆಯಲ್ಲಿ ನಾನು, ತಂಗಿ ಇಬ್ಬರೇ. ಬೆಳಗಾದರೆ ಪಾತ್ರೆಯ ಬುಟ್ಟಿ ಹೊತ್ತು ಹಳ್ಳಿಗಳ ಮೇಲೆ ಹೋಗುತ್ತಿದ್ದೆ. ಸೆರಗನ್ನು ಎರಡು ಬೆರಳಿನಲ್ಲಿ ತಿಕ್ಕಿದರೆ ಸಾಕು, ಹತ್ತಿ ಎಷ್ಟು, ನೈಲಾನ್ ಎಷ್ಟು ಎಂದು ಹೇಳುತ್ತಿದ್ದೆ. ಸಂಜೆ ತಂಗಿ ಹಂಚಿನ ಮೇಲಿನ ರೊಟ್ಟಿ ತಿರುವುತ್ತ, “ಇವತ್ತು ಯಾರಿಗೆ ಟೋಪಿ ಹಾಕಿದಿ?” ಎನ್ನುವಳು. ಅಷ್ಟು ಸುಖದ ರೊಟ್ಟಿ ಆಮೇಲೆ ನಾನು ತಿಂದಿಲ್ಲ.

ಅವ್ವ ಒಂದು ಟ್ರಂಕಿನ ತುಂಬ ಹಳೆಯ ಹತ್ತಿ ಸೀರೆ ಬಿಟ್ಟುಹೋಗಿದ್ದಳು. ಉಟ್ಟು ಉಟ್ಟು, ಒಗೆದು ಒಗೆದು ಬೆಣ್ಣೆಯಂತಾಗಿದ್ದವು. ತಿಂಗಳ ಆ ನಾಲ್ಕು ದಿನಕ್ಕೆ ನಾವು ಅವುಗಳನ್ನೇ ಹರಿದು ಬಳಸುತ್ತಿದ್ದೆವು. ತಂಗಿಯ ಮದುವೆ ಸಿದ್ದಾಪುರದ ಮನೆತನದಲ್ಲಿ ಗೊತ್ತಾದಾಗ, ಕೊಡುವ ಪಾತ್ರೆಗಳು ಕಡಿಮೆ ಬಿದ್ದವು. ಟ್ರಂಕಿನ ಅಷ್ಟೂ ಸೀರೆಗಳನ್ನು ಗಂಗಾವತಿಯ ಹಳೇ ಬಟ್ಟೆಯ ಸಾವುಕಾರನಿಗೆ ಹಾಕಿ ಪಾತ್ರೆ ತಂದೆ. ತಂಗಿಗೆ ನೈಲಾನ್ ಸೀರೆ ಹರಿದ ತುಂಡುಗಳನ್ನು ಕಟ್ಟಿಕೊಟ್ಟೆ.

“ಒಗದ ಕೂಡ್ಲೆ ಒಣಗತಾವ, ಕಲಿ ಉಳಿಯೂದಿಲ್ಲ. ನೂರು ವರ್ಷ ಬಾಳಿಕಿ ಬರತಾವ ನೋಡು.”

“ನೂರು ವರ್ಷ ನಾ ಹೊರಗಾಗಬೇಕೇನಕ್ಕ?” ಎಂದು ನಕ್ಕಿದ್ದಳು.

ಸಿದ್ದಾಪುರ ಕಾಲುವೆ ನೀರಿನ ಊರು. ಭತ್ತದ ನಾಟಿ ಎಂದರೆ ದಿನವಿಡೀ ಕೆಸರಿನಲ್ಲಿ ಬಗ್ಗಿ ನಿಲ್ಲುವುದು. ಬೆಳಿಗ್ಗೆ ಒದ್ದೆಯಾದ ಲಂಗ ಕತ್ತಲಾಗುವ ತನಕ ಮೈಮೇಲೇ. ಒಳಗೆ ನೀರು ಹೀರದ ನೈಲಾನ್ ತುಂಡು. ಹೊಸ ಸೊಸೆ ಅದನ್ನು ಅಂಗಳದಲ್ಲಿ ಹೇಗೆ ಒಣಹಾಕಿಯಾಳು? ಬಚ್ಚಲಿನ ಕತ್ತಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಹಾಕಿ, ಹಸಿಹಸಿಯಾಗಿಯೇ ಮತ್ತೆ ಕಟ್ಟಿಕೊಳ್ಳುತ್ತಿದ್ದಳು.

ಹಬ್ಬಕ್ಕೆ ಬಂದಾಗ ಕಡಿತ, ಉರಿ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಹೊಲಸು ಕೂತಿದೆ, ತೊಳೆದರೆ ಹೋಗುತ್ತದೆ ಎಂಬುದು ನನ್ನ ತೀರ್ಮಾನ. ಘಮಘಮಿಸುವ ಸಾಬೂನು ತಂದೆ. ಗಾಯಕ್ಕೆ ಹಾಕುವ ಔಷಧವನ್ನು ನೀರಿಗೆ ಬೆರೆಸಿಕೊಟ್ಟೆ. ಮೆಡಿಕಲ್ ಅಂಗಡಿಯವನಿಗೆ ‘ಹುಳುಕಡ್ಡಿಗೆ’ ಎಂದು ಸುಳ್ಳು ಹೇಳಿ ಒಂದು ಟ್ಯೂಬು ತಂದೆ. ಟ್ಯೂಬು ಹಚ್ಚಿದ ಎರಡು ದಿನ ಆರಾಮ, ಮೂರನೆಯ ದಿನ ಮೊದಲಿನ ಎರಡರಷ್ಟು ಉರಿ. ಅವಳು ದಿನಕ್ಕೆ ನಾಲ್ಕು ಸಲ ತಿಕ್ಕಿ ತೊಳೆಯತೊಡಗಿದಳು. ಮೂತ್ರ ಬಂದರೆ ಅಳು. ಗಂಡನ ಮಗ್ಗುಲಿಗೆ ಹೋಗಲು ಹೆದರಿಕೆ.

ಕೊನೆಗೆ ಅವಳ ಅತ್ತೆಯೇ ಕರೆತಂದು ನನ್ನ ಬಾಗಿಲಲ್ಲಿ ಬಿಟ್ಟಳು. “ಎಂಥಾ ರೋಗೊ ಏನೊ. ಆರಾಮಾದ್ರ ಕಳಸ್ರಿ, ಆಗಲಿಲ್ಲಂದ್ರ ಬ್ಯಾಡ.”

ನಾನು ವ್ಯಾಪಾರದವಳು. ಅಲ್ಲೇ ಮಾತು ಕಟ್ಟಿದೆ. “ಅತ್ತಿ, ಗಂಗಾವತಿಗೆ ನೀವೂ ಬರ್ರಿ. ಡಾಕ್ಟರ್ ಬಾಯಾರು ಅಂಟು ರೋಗ ಅಂದ್ರ ತಂಗೀನ್ನ ನಾ ಇಟಗೋತೀನಿ. ಅಲ್ಲಂದ್ರ ಅಲ್ಲಿಂದನ ನೀವು ಕರಕೊಂಡು ಹೋಗಬೇಕು. ಒಪ್ಪಿಗೀನೊ?”

“ಆತು,” ಎಂದಳು, ನೆಲ ನೋಡುತ್ತ.

ಡಾಕ್ಟರ್ ಬಾಯಿ, ಅಂದರೆ ಹೆಂಗಸರ ಡಾಕ್ಟರಮ್ಮ, ಪರದೆಯ ಹಿಂದೆ ತಂಗಿಯನ್ನು ನೋಡಿದರು. ಬಿಳಿ ಹೋಗುವುದನ್ನು ಕೇಳಿದರು, ಮೂತ್ರ ತೆಗೆದುಕೊಂಡು ಸಕ್ಕರೆ ಪರೀಕ್ಷೆ ಮಾಡಿಸಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿಗೆ ಏನೇನು ಹಚ್ಚತಿ, ಏನು ಕಟ್ಟತಿ?”

ತಂಗಿ ಹೇಳುತ್ತಾ ಹೋದಳು. ಬಾಯಾರು ಪೆನ್ನು ಕೆಳಗಿಟ್ಟರು. “ಇಷ್ಟೆಲ್ಲಾ ಯಾರು ಕೊಟ್ರು?”

“ನಮ್ಮಕ್ಕ.”

“ಈಕಿಗೆ ಅಂಟು ರೋಗ ಏನಿಲ್ಲ. ಅಕ್ಕ ಒಬ್ಬಾಕಿ ಅದಾಳ, ಅಷ್ಟ.” ನಂತರ ನನ್ನ ಕಡೆ ತಿರುಗಿದರು. “ಕಣ್ಣಿನ ರೆಪ್ಪಿಗೆ ಸಾಬೂನು ತಿಕ್ಕತಿಯೇನವಾ? ಅದೂ ಅಷ್ಟ ಮೆತ್ತನ ಚರ್ಮ. ಸಾಬೂನು ಬಿಡು, ಔಷಧದ ನೀರು ಬಿಡು, ಟ್ಯೂಬು ಬಿಡು, ನೈಲಾನ್ ಬಿಡು. ಬರೀ ನೀರು, ಬರೀ ಹತ್ತಿ.”

“ಫೀ ಕೊಟ್ಟೀವ್ರಿ ಬಾಯಾರ, ಒಂದ್ ಸೂಜಿನರ ಮಾಡ್ರಿ,” ಎಂದು ನಾನು ಚೌಕಾಸಿಗಿಳಿದೆ.

“ಸೂಜಿಗೆ ಇಲ್ಲಿ ಕೆಲಸಿಲ್ಲ.”

“ಹಂಗಾರ ನಾಕು ಗುಳಿಗಿ?”

“ನಾ ಏನು ಕೊಸರು ಹಾಕಾಕ ಕಾಯಿಪಲ್ಯಾ ಮಾರಾಕ ಕುಂತೇನೇನು?”

ತಂಗಿ ಫಕ್ಕನೆ ನಕ್ಕುಬಿಟ್ಟಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗೆ.

ಆಗ ಮೂಲೆಯ ಸ್ಟೂಲಿನ ಮೇಲಿಂದ ಅವಳ ಅತ್ತೆ ಸಣ್ಣ ದನಿಯಲ್ಲಿ ಕೇಳಿದಳು: “ಹಂಗಾರ ನನಗ್ಯಾಕ ಕಡೀತೈತ್ರಿ? ನನಗ ಮುಟ್ಟು ನಿಂತು ಐದು ವರ್ಷಾತು. ನಾ ಏನೂ ಹಚ್ಚೂದಿಲ್ಲ.”

ಅವಳೇ ಮುಂದುವರಿಸಿದಳು. “ಒಂದ ಬಚ್ಚಲಾ, ಒಂದ ಹಗ್ಗಾ. ನನ್ನಿಂದ ಈಕಿಗೆ ಹತ್ತೇತೇನೊ ಅಂತ ಅಂಜಿದ್ನಿ. ಮುಂದ ನನ್ನ ಮಗಗ ಹತ್ತಿದ್ರ? ಅದಕ್ಕ ಬಿಟ್ಟು ಬಂದ್ನಿ.”

ಅಷ್ಟು ದಿನ ನಾನು ಆಕೆಯನ್ನು ಕಲ್ಲೆದೆಯವಳು ಎಂದುಕೊಂಡಿದ್ದೆ. ಬಾಯಾರು ಆಕೆಯನ್ನೂ ಪರದೆಯ ಹಿಂದೆ ಕರೆದುಕೊಂಡು ಹೋದರು. ಮುಟ್ಟು ನಿಂತ ಮೇಲೆ ಅಲ್ಲಿಯ ಚರ್ಮ ಒಣಗಿ ತೆಳ್ಳಗಾಗುತ್ತದಂತೆ. ಅದು ಬೇರೆ, ತಂಗಿಯದು ಬೇರೆ. ಆಕೆಗೆ ಮಾತ್ರ ಒಂದು ಮುಲಾಮು ಬರೆದುಕೊಟ್ಟರು, ತಿಂಗಳ ಮೇಲೆ ಮತ್ತೆ ತೋರಿಸಲು ಹೇಳಿದರು. ಆಕೆ ಚೀಟಿಯನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ತಂಗಿಯ ರಟ್ಟೆ ಹಿಡಿದಳು.

“ಏಳವಾ, ನಮ್ಮೂರ ಮ್ಯಾಲ ಹೋಗೂ ಕಾರಟಗಿ ಬಸ್ಸು ಹೊಂಟೀತು.”

ಮರುದಿನವೇ ನಾನು ಮೆತ್ತನೆಯ ಹತ್ತಿ ಹುಡುಕುತ್ತ ಕುಷ್ಟಗಿಯ ಕಡೆ ಹೋಗಿ, ಆ ನಾಲ್ಕು ಸೀರೆ ತಂದು ತಂಗಿಗೆ ಕಳಿಸಿದ್ದು. ಒಂದೂವರೆ ತಿಂಗಳ ಮೇಲೆ ಸಿದ್ದಾಪುರಕ್ಕೆ ಹೋದರೆ, ಹಿತ್ತಲಿನ ಬಿಸಿಲಿನಲ್ಲಿ ಅತ್ತೆ ಸೊಸೆಯರ ಲಂಗ, ಚಡ್ಡಿ, ಬಟ್ಟೆಯ ತುಂಡುಗಳು ರಾಜಾರೋಷವಾಗಿ ಒಣಗುತ್ತಿದ್ದವು. ತಂಗಿ ನಾಟಿ ಮುಗಿಸಿ ಬಂದವಳೇ ಒದ್ದೆ ಲಂಗ ಬದಲಿಸಲು ಒಳಗೆ ಹೋದಳು. ಸಲೀಸಾದ ನಡಿಗೆ ನೋಡಿಯೇ, ಉರಿ ಹೋಗಿದೆ ಎಂದು ನನಗೆ ತಿಳಿಯಿತು.

ಓದುವ ತಂಗಿಯರೇ, ಅಕ್ಕಂದಿರೇ, ಪುಕ್ಕಟೆ ಸಲಹೆ ಎಂದು ತಳ್ಳಿಹಾಕಬೇಡಿ. ಅಲ್ಲಿ ಕಡಿತ ಬಂದರೆ ಮೊದಲು ಏನು ಹಚ್ಚಲಿ ಎನ್ನಬೇಡಿ, ಏನು ಬಿಡಲಿ ಎಂದು ಕೇಳಿಕೊಳ್ಳಿ. ಹೊರಭಾಗಕ್ಕೆ ತಣ್ಣನೆಯ ಇಲ್ಲವೇ ಉಗುರುಬೆಚ್ಚಗಿನ ಬರೀ ನೀರು ಸಾಕು. ಒಳಗೆ ತೊಳೆಯುವುದೇ ಬೇಡ. ತಿಕ್ಕದೆ ಒತ್ತಿ ಒರೆಸಿ. ಸಡಿಲವಾದ ಹತ್ತಿ ತೊಡಿ, ಒದ್ದೆಯಾದದ್ದನ್ನು ಕೂಡಲೇ ಬದಲಿಸಿ. ಈಗಿನ ಪ್ಯಾಡಾದರೂ ವಾಸನೆ ಹಾಕಿದ್ದು ಬೇಡ, ನಾಲ್ಕಾರು ತಾಸಿಗೆ ಬದಲಿಸಲೇಬೇಕು. ಕಡಿತ ಇರುವಾಗ ಕೂದಲು ಬೋಳಿಸಲು ಹೋಗಬೇಡಿ. ಇಷ್ಟು ಮಾಡಿಯೂ ವಾರೊಪ್ಪತ್ತಿನಲ್ಲಿ ಇಳಿಯದಿದ್ದರೆ, ಅಥವಾ ಮೊಸರಿನಂತೆ ಬಿಳಿ ಹೋದರೆ, ನಾತ ಬಂದರೆ, ಹುಣ್ಣು, ಗುಳ್ಳೆ, ರಕ್ತ, ಬಿಳಿ ಮಚ್ಚೆ ಕಂಡರೆ, ಸಕ್ಕರೆ ಕಾಯಿಲೆ ಇದ್ದರೆ, ಬಸುರಿಯಾಗಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಹೋಗುವಾಗ ನೀವು ಹಚ್ಚಿದ ಸಾಬೂನು, ಪುಡಿ, ಟ್ಯೂಬು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಅವರ ಟೇಬಲ್ಲಿನ ಮೇಲೆ ಸುರಿಯಿರಿ. ಬಾಯಿಬಿಟ್ಟು ಹೇಳುವ ಕಷ್ಟ ಅರ್ಧಕ್ಕರ್ಧ ಅಲ್ಲೇ ಇಳಿಯುತ್ತದೆ.