ಲಾಗಿನ್ ಕಾಯುವ ಬಾಗಿಲಕ್ಕ

ಬುಧವಾರ ಬೆಳಗಿನ ಐದೂವರೆ. ಆರು ಮಹಡಿಯ ಆಫೀಸು ಕಟ್ಟಡದಲ್ಲಿ ಮೂರನೆಯ ಮಹಡಿಯ ಒಂದೇ ಒಂದು ಕಿಟಕಿಯಲ್ಲಿ ಬೆಳಕಿದೆ. ಒಳಗೆ ಐವತ್ತೆರಡು ವರ್ಷದ ಹೆಂಗಸೊಬ್ಬರು ಚಪ್ಪಲಿಯನ್ನು ಮೇಜಿನಡಿ ಬಿಟ್ಟು, ಕನ್ನಡಕ ಒರೆಸಿಕೊಂಡು, ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕೂತವರೇ ಪರದೆಯನ್ನು ಕೇಳುತ್ತಾರೆ, "ಏನ್ರಪ್ಪಾ, ಎದ್ರಾ ಎಲ್ರೂ?"

ಎಲ್ಲರೂ ಎಂದರೆ ನಾಲ್ಕು ಜನ. ಒಬ್ಬ ಡಾಕ್ಟರು, ಒಬ್ಬ ನರ್ಸು, ಔಷಧಿ ಕೋಣೆಯವನೊಬ್ಬ, ಒಬ್ಬ ರೋಗಿ. ನಾಲ್ವರಲ್ಲಿ ಒಬ್ಬರೂ ಭೂಮಿಯ ಮೇಲಿಲ್ಲ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಈ ಕಂಪನಿಯಲ್ಲಿ, ಅದನ್ನು ಪರೀಕ್ಷೆ ಮಾಡಲೆಂದೇ ಹುಟ್ಟಿಸಿದ ಸುಳ್ಳು ಹೆಸರುಗಳು. ಬೆಳಗಾಗುತ್ತಲೇ ಒಬ್ಬೊಬ್ಬರ ಹೆಸರು, ಪಾಸ್‌ವರ್ಡ್ ಕೊಟ್ಟು ಅವರನ್ನು ಒಳಗೆ ಬಿಡಬೇಕು. ಪ್ರತಿಯೊಬ್ಬರಿಗೂ ಮೇಜಿನ ಮೇಲಿನ ಹಳೆಯ ಫೋನಿಗೆ ಆರಂಕಿಯ ಸಂಖ್ಯೆಯೊಂದು ಬರುತ್ತದೆ. ಅದನ್ನೂ ಹಾಕಿದರೇನೇ ಪ್ರವೇಶ. "ಡಾಕ್ಟರದ್ದು ಟಕ್ಕಂತ ಬರುತ್ತೆ. ರೋಗೀದು ಮಾತ್ರ ಯಾವಾಗ್ಲೂ ಲೇಟು. ಪಾಪ, ಹುಷಾರಿಲ್ವಲ್ಲ!" ಎಂದು ತಾವೇ ನಗುತ್ತಾರೆ.

ಆಫೀಸಿನವರು ಇವರನ್ನು ಕರೆಯುವುದು ಬಾಗಿಲಕ್ಕ ಎಂದು. ಇವರ ಕೆಲಸ ಏನೆಂದು ಹೇಳುವುದು ಸುಲಭ, ಮಾಡುವುದು ಕಷ್ಟ. ಸಾಫ್ಟ್‌ವೇರಿನಲ್ಲಿ ಏನೇ ಬದಲಾವಣೆ ಮಾಡಿದರೂ ಅದು ಆಸ್ಪತ್ರೆಗೆ ಹೋಗುವ ಮೊದಲು ನಾನೂರ ಹನ್ನೆರಡು ಪರೀಕ್ಷೆ ದಾಟಬೇಕು. ಪರೀಕ್ಷೆಗಳನ್ನು ಮಾಡುವುದು ಮನುಷ್ಯರಲ್ಲ, ಯಂತ್ರ. ಅದೇ ಬ್ರೌಸರ್ ತೆರೆಯುತ್ತದೆ, ಅದೇ ಗುಂಡಿ ಒತ್ತುತ್ತದೆ, ಅದೇ ಹಸಿರೋ ಕೆಂಪೋ ಗುರುತು ಹಾಕುತ್ತದೆ. ಮೊದಮೊದಲು ಪ್ರತಿ ಪರೀಕ್ಷೆಯೂ ತಾನೇ ಲಾಗಿನ್ ಆಗಬೇಕಿತ್ತು. ಒಂದಕ್ಕೆ ಮೂವತ್ತೆಂಟು ಸೆಕೆಂಡು. ಅಂದರೆ ಬರೀ ಬಾಗಿಲು ದಾಟುವುದಕ್ಕೇ ನಾಲ್ಕು ಗಂಟೆ ಇಪ್ಪತ್ತು ನಿಮಿಷ! ಸಾಲದ್ದಕ್ಕೆ, ಒಂದೇ ಹೆಸರಿನಲ್ಲಿ ನೂರಾರು ಸಲ ಬಾಗಿಲು ಬಡಿದರೆ ಅತ್ತಲಿನ ಕಂಪ್ಯೂಟರು ಕಳ್ಳರು ಬಂದರೆಂದು ಹೆದರಿ ಬೀಗ ಜಡಿದುಬಿಡುತ್ತಿತ್ತು.

ಇದಕ್ಕೆ ದಾರಿ ಹುಡುಕಿದವರು ಬಾಗಿಲಕ್ಕನೇ. "ಆಸ್ಪತ್ರೇಲಿ ರೋಗಿ ಕಡೆಯವ್ರಿಗೆ ಪಾಸ್ ಕೊಡ್ತಾರಲ್ಲ, ಹಾಗೆ. ಒಂದ್ಸಲ ಪಾಸ್ ಮಾಡಿಸಿದ್ರೆ ಮನೆಯವ್ರೆಲ್ಲ ಅದನ್ನೇ ತೋರ್ಸಿ ಹೋಗ್ತಾರೆ, ಬರ್ತಾರೆ" ಎನ್ನುತ್ತಾರೆ. ನಾಲ್ವರ ಲಾಗಿನ್ ಮುಗಿದ ಕೂಡಲೇ ಬ್ರೌಸರಿನಲ್ಲಿ ಉಳಿಯುವ ಗುರುತನ್ನು ಅವರು ಕಡತವೊಂದರಲ್ಲಿ ಎತ್ತಿಡುತ್ತಾರೆ. ಪರೀಕ್ಷೆಗಳೆಲ್ಲ ಆ ಪಾಸನ್ನೇ ತೋರಿಸಿ ಸಲೀಸಾಗಿ ಒಳಗೆ ಹೋಗುತ್ತವೆ. ಈಗ ನಾನೂರ ಹನ್ನೆರಡೂ ಮುಗಿಯಲು ಐವತ್ತೇ ನಿಮಿಷ.

ಆದರೆ ಪಾಸು ಬಾಳಿಕೆಯದ್ದಲ್ಲ. ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ಆಸ್ಪತ್ರೆಯ ಸಾಫ್ಟ್‌ವೇರು ಎಂಥವರನ್ನೂ ಮುಲಾಜಿಲ್ಲದೆ ಹೊರಗೆ ಹಾಕುತ್ತದೆ. ದಿನಕ್ಕೆ ಒಂಬತ್ತು, ಹತ್ತು ಸುತ್ತು ಪರೀಕ್ಷೆ ನಡೆಯುತ್ತದೆ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವವರೆಗೆ ನಾಲ್ವರೂ ಒಳಗೇ ಇರುವಂತೆ ನೋಡಿಕೊಳ್ಳಬೇಕು. ಅದಕ್ಕೆಂದು ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ವರ ಹೆಸರಲ್ಲೂ ಒಂದೊಂದು ಪುಟ ತೆರೆದು ಮುಚ್ಚುವ ಪುಟ್ಟ ಪ್ರೋಗ್ರಾಮೊಂದನ್ನು ಬಾಗಿಲಕ್ಕ ಬರೆದಿಟ್ಟಿದ್ದಾರೆ. "ತೂಕಡಿಸೋರ ಭುಜ ತಟ್ಟೋದು, ಅಷ್ಟೇ" ಎಂದು ಕೈ ಕೊಡವುತ್ತಾರೆ. ಅಷ್ಟೇ ಅಂದರೆ ಅಷ್ಟೇ ಅಲ್ಲ. ಭುಜ ತಟ್ಟಿದರೂ ಏಳದವರು ಇರುತ್ತಾರೆ. ಅವರನ್ನು ಮತ್ತೆ ಬಾಗಿಲಿಗೆ ಕರೆತಂದು ಹೊಸ ಪಾಸು ಮಾಡಿಸಬೇಕು.

ಇದನ್ನೆಲ್ಲ ಇವರು ಕಾಲೇಜಿನಲ್ಲಿ ಕಲಿತವರಲ್ಲ. ಟೈಪಿಸ್ಟಾಗಿ ಸೇರಿ, ಆಮೇಲೆ ಹನ್ನೊಂದು ವರ್ಷ ಅದದೇ ಪರದೆಗಳನ್ನು ಕೈಯಿಂದ ಒತ್ತೊತ್ತಿ ಪರೀಕ್ಷೆ ಮಾಡಿದವರು. ಬಲಗೈ ಮಣಿಕಟ್ಟು ಇಂದಿಗೂ ಚಳಿಗೆ ಹಿಡಿದುಕೊಳ್ಳುತ್ತದೆ. ಯಂತ್ರ ಬಂದಾಗ ಜೊತೆಯವರು "ನಿಮಗಿನ್ನು ಆರಾಮ ಬಿಡಿ" ಎಂದದ್ದು ಸಮಾಧಾನವೋ ಬೀಳ್ಕೊಡುಗೆಯೋ ಅರ್ಥವಾಗದೆ, ಒಂದು ವಾರ ಊಟ ರುಚಿಸಲಿಲ್ಲವಂತೆ. ಎಂಟನೆಯ ದಿನ ಪುಸ್ತಕ ಹಿಡಿದು ಕೂತರು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಮಗಳ ಪಕ್ಕದಲ್ಲೇ, ಅವಳ ಪರೀಕ್ಷೆಗೆ ಅವಳು, ಇವರ ಪರೀಕ್ಷೆಗೆ ಇವರು.

ಮನೆಯಲ್ಲಿ ಇವರ ಕೆಲಸದ ತಲೆಬುಡ ಯಾರಿಗೂ ಗೊತ್ತಿಲ್ಲ. ಬಸ್ ಓಡಿಸುವ ಗಂಡ ಕೀಟಲೆ ಮಾಡುವುದುಂಟು: "ಇಲ್ಲದೇ ಇರೋ ನಾಲ್ಕು ಜನಾನ ಎಬ್ಬಿಸೋಕೆ ನಾಲ್ಕೂವರೆಗೆ ಎದ್ದು ಓಡ್ತಾಳೆ. ಇರೋ ಗಂಡನ್ನ ಎಬ್ಬಿಸೋರು ಯಾರೂ ಇಲ್ಲ."

ಇವರ ಕೆಲಸ ಗೊತ್ತಿರುವುದು ತಂಗಿಗೆ ಮಾತ್ರ. ತಂಗಿ ಆಸ್ಪತ್ರೆಯೊಂದರಲ್ಲಿ ವಾರ್ಡ್ ನರ್ಸು. ಇವರು ಪರೀಕ್ಷಿಸುವ ಸಾಫ್ಟ್‌ವೇರೇ ಅಲ್ಲಿಯೂ ಇದೆ. ಒಂಬತ್ತು ದಿನದ ಹಿಂದೆ ಅದರಲ್ಲೊಂದು ಭಾರಿ ದೋಷ ಕಂಡಿತು. ಯಾವ ರೋಗಿಗೆ ಯಾವ ಔಷಧಿ ಮೈಗಾಗದೋ ಅದು ನರ್ಸಿನ ಪರದೆಯಲ್ಲಿ ಕೆಂಪಕ್ಷರದಲ್ಲಿ ಕಾಣಬೇಕು. ಆದರೆ ರೋಗಿಯನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಕಳಿಸಿದಾಗ ಆ ಕೆಂಪು ಸಾಲು ಜೊತೆಗೆ ಹೋಗುತ್ತಿರಲಿಲ್ಲ. ಅಂದಿನಿಂದ ತಂಗಿ ಹಳೆಯ ಕಾಗದಗಳನ್ನೆಲ್ಲ ಕೆದಕಿ, ಯಾರಿಗೆ ಏನು ಆಗದು ಎಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾಳೆ. "ಸೂಜಿ ಹಿಡಿಯೋಕೇ ಭಯ ಆಗುತ್ತೆ ಅಕ್ಕಾ. ಬೇಗ ಸರಿ ಮಾಡ್ಸು" ಎಂದು ಫೋನಿನಲ್ಲಿ ಅತ್ತಿದ್ದಾಳೆ.

ದೋಷ ಸರಿಮಾಡಿದ್ದಾಗಿದೆ. ಹೊಸ ಸಾಫ್ಟ್‌ವೇರು ಇಂದು ಹೋಗಬೇಕು. ಆಸ್ಪತ್ರೆಯವರು ಅದನ್ನು ಹಾಕಿಸಿಕೊಳ್ಳುವುದು ವಾರಕ್ಕೊಮ್ಮೆ, ಬುಧವಾರ ಬೆಳಗ್ಗೆ ಏಳರಿಂದ ಎಂಟರೊಳಗೆ. ತಪ್ಪಿದರೆ ಮುಂದಿನ ಬುಧವಾರ. ಅದಕ್ಕೇ ಇಂದು ಮ್ಯಾನೇಜರೂ, ಅದನ್ನು ಬರೆದ ಪ್ರೋಗ್ರಾಮರೂ ಆರು ಗಂಟೆಗೇ ಹಾಜರಾಗಿದ್ದಾರೆ.

ಐದೂ ಐವತ್ತೈದಕ್ಕೆ ಪರೀಕ್ಷೆ ಶುರುವಾಗಿದೆ. ಡಾಕ್ಟರ ಪರೀಕ್ಷೆಗಳು ಹಸಿರು, ಔಷಧಿ ಕೋಣೆಯವು ಹಸಿರು. ಆರು ಗಂಟೆ ಹತ್ತಕ್ಕೆ ನರ್ಸಿನ ಸಾಲಿನಲ್ಲಿ ಕೆಂಪು ಬೀಳುತ್ತದೆ. ಒಂದಲ್ಲ, ಎರಡಲ್ಲ. ನೂರ ಮೂವತ್ತೊಂದು ಪರೀಕ್ಷೆಯಲ್ಲಿ ಮೊದಲ ಹದಿಮೂರು ಹಸಿರು, ಉಳಿದ ನೂರ ಹದಿನೆಂಟೂ ಮಕಾಡೆ.

"ನರ್ಸಿನ ಪರದೇನೇ ಬದಲಾಯಿಸಿರೋದು, ನರ್ಸಿನ ಪರೀಕ್ಷೇನೇ ಬಿದ್ದಿರೋದು. ಇನ್ನೇನ್ ಹೇಳ್ಬೇಕು?" ಎಂದು ಮ್ಯಾನೇಜರು ಪ್ರೋಗ್ರಾಮರ ಮುಖ ನೋಡುತ್ತಾರೆ. ಅವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಮ್ಯಾನೇಜರು ಆಸ್ಪತ್ರೆಗೆ ಫೋನು ಹಚ್ಚುತ್ತಾರೆ, ಈ ವಾರ ಆಗುವುದಿಲ್ಲ ಎನ್ನಲು.

ಬಾಗಿಲಕ್ಕ, ಪರೀಕ್ಷೆ ಬಿದ್ದಾಗಲೆಲ್ಲ ಯಂತ್ರ ಹಿಡಿದಿಡುವ ಪರದೆಯ ಚಿತ್ರಗಳನ್ನು ತೆಗೆದು ನೋಡುತ್ತಿದ್ದಾರೆ. ನೂರ ಹದಿನೆಂಟರಲ್ಲೂ ಒಂದೇ ಚಿತ್ರ, ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಪುಟ. ಅಂದರೆ ನರ್ಸಿನ ಪರದೆ ಕೆಟ್ಟಿಲ್ಲ. ನರ್ಸನ್ನೇ ಯಾರೋ ಹೊರಗೆ ಹಾಕಿದ್ದಾರೆ! ಭುಜ ತಟ್ಟುವ ಪ್ರೋಗ್ರಾಮು ನಡೆದಿದೆ. ಪಾಸಿಗೆ ಇನ್ನೂ ಆಯುಸ್ಸಿದೆ. ಹಾಗಾದರೆ? ಬೆರಳಿಟ್ಟು ಪಟ್ಟಿ ನೋಡುತ್ತ ಬರುತ್ತಾರೆ. ಹದಿಮೂರನೆಯದಕ್ಕೆ ಬೆರಳು ನಿಲ್ಲುತ್ತದೆ.

ಅದು ಅವರೇ ನಿನ್ನೆ ಸಂಜೆ ಬರೆದು ಸೇರಿಸಿದ ಹೊಸ ಪರೀಕ್ಷೆ. ಲಾಗೌಟ್ ಗುಂಡಿ ಒತ್ತಿದರೆ ನರ್ಸು ನಿಜವಾಗಿ ಹೊರಗೆ ಬರುತ್ತಾಳೋ ಇಲ್ಲವೋ ಎಂದು ನೋಡುವಂಥದ್ದು. ಬಂದಿದ್ದಾಳೆ. ಚೆನ್ನಾಗಿಯೇ ಬಂದಿದ್ದಾಳೆ, ಎಲ್ಲರೂ ಹಂಚಿಕೊಂಡಿದ್ದ ಪಾಸನ್ನು ಗೇಟಿನಲ್ಲಿ ವಾಪಸು ಕೊಟ್ಟು. ಹಿಂದೆ ಬಂದ ನೂರ ಹದಿನೆಂಟಕ್ಕೂ ಗೇಟಿನವನು ಬಾಗಿಲು ಹಾಕಿದ್ದಾನೆ. ಲಾಗೌಟ್ ಪರೀಕ್ಷೆಗೆ ಬೇರೆ ಪಾಸು ಕೊಡಬೇಕೆಂದು ಊರಿಗೆಲ್ಲ ಪಾಠ ಹೇಳಿದವರು ಇವರೇ. ನಿನ್ನೆ ಮನೆಗೆ ಹೊರಡುವ ಅವಸರದಲ್ಲಿ ತಾವೇ ಮರೆತಿದ್ದಾರೆ.

"ಸುಳ್ಳು ಯಾಕೆ ಹೇಳ್ಲಿ? ಸದ್ದಿಲ್ದೆ ಸರಿ ಮಾಡಿ, ಅದೇನೋ ತಾನಾಗೇ ಸರಿಹೋಯ್ತು ಅಂದ್ಬಿಡೋಣ ಅನ್ನಿಸ್ತು. ಆದ್ರೆ ಆ ಮನುಷ್ಯ ಮಾಡದ ತಪ್ಪಿಗೆ ತಲೆ ತಗ್ಗಿಸಿ ಕೂತಿದ್ರಲ್ಲ" ಎಂದು ಆಮೇಲೆ ಒಪ್ಪಿಕೊಳ್ಳುತ್ತಾರೆ. ಎದ್ದು ನಿಲ್ಲುತ್ತಾರೆ, ಬರಿಗಾಲಲ್ಲೇ.

"ಸಾರ್, ಬೇಡ ಅಂತ ಹೇಳ್ಬೇಡಿ ಅವ್ರಿಗೆ. ತಪ್ಪು ಇವ್ರದ್ದಲ್ಲ, ನಂದು. ಅಯ್ಯೋ, ನನ್ನ ಬುದ್ಧಿಗಿಷ್ಟು! ಅರ್ಧ ಗಂಟೆ ಕೊಡಿ."

ಮ್ಯಾನೇಜರು ಫೋನಿಗೆ ಕೈ ಅಡ್ಡ ಹಿಡಿದು ನೋಡುತ್ತಾರೆ. ಆಮೇಲೆ ಅತ್ತಲಿನವರಿಗೆ, "ಏಳು ಗಂಟೆಗೆ ಸಿದ್ಧವಾಗಿರಿ, ಖಚಿತ ಮಾಡಿ ಹೇಳ್ತೀನಿ" ಎನ್ನುತ್ತಾರೆ.

ಬಾಗಿಲಕ್ಕ ಲಾಗೌಟ್ ಪರೀಕ್ಷೆಯನ್ನು ಗುಂಪಿನಿಂದ ಎತ್ತಿ ಬೇರೆ ಇಟ್ಟು, ಅದಕ್ಕೆ ಅದರದ್ದೇ ಲಾಗಿನ್ ಕೊಡುತ್ತಾರೆ. ನರ್ಸಿಗೆ ಹೊಸ ಪಾಸು ಮಾಡಿಸಬೇಕು. ಆರಂಕಿಯ ಸಂಖ್ಯೆ ಇಂದೇ ಸತಾಯಿಸಬೇಕೆ! ಮೂವರೂ ಆ ಹಳೆಯ ಫೋನಿನ ಮೇಲೆ ಬಗ್ಗಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಬರುತ್ತದೆ. ಅಷ್ಟರಲ್ಲಿ ರೋಗಿಯ ಪರೀಕ್ಷೆಗಳೂ ಹಸಿರಾಗಿವೆ. ಆರೂ ಮೂವತ್ತಾರಕ್ಕೆ ನರ್ಸಿನ ನೂರ ಮೂವತ್ತೊಂದೂ ಮತ್ತೆ ಶುರು. ಹದಿಮೂರು ದಾಟುತ್ತದೆ. ಐವತ್ತು. ನೂರು. ಆರೂ ಐವತ್ತೆರಡಕ್ಕೆ ಕೊನೆಯದೂ ಹಸಿರಾಗುತ್ತದೆ. ಪ್ರೋಗ್ರಾಮರು "ಅಬ್ಬಾ!" ಎಂದು ಕುರ್ಚಿಗೆ ಒರಗುತ್ತಾರೆ. ಬಾಗಿಲಕ್ಕ ಕಣ್ಣೀರು ಒರೆಸಿಕೊಳ್ಳುತ್ತ ಅವರ ಕ್ಷಮೆ ಕೇಳುತ್ತಾರೆ. "ಬಿಡಿ ಬಾಗಿಲಕ್ಕ, ನಿಮ್ ಜಾಗದಲ್ಲಿ ನಾನಿದ್ದಿದ್ರೆ ಬಾಯಿ ಬಿಡ್ತಿದ್ನೋ ಇಲ್ವೋ" ಎಂದು ಅವರು ಕಾಫಿ ತರಲು ಹೋಗುತ್ತಾರೆ.

ಏಳೂ ಇಪ್ಪತ್ತಕ್ಕೆ ಹೊಸ ಸಾಫ್ಟ್‌ವೇರು ಆಸ್ಪತ್ರೆಗಳಲ್ಲಿ ಕೂತಿದೆ. ಬಾಗಿಲಕ್ಕ ಎಂದಿನಂತೆ ಮುಂದಿನ ಸುತ್ತಿನ ತಯಾರಿಯಲ್ಲಿದ್ದಾರೆ. ನಿಮ್ಮದೇನಾದರೂ ಆಸೆ ಇದೆಯೇ ಎಂದರೆ, "ಒಂದ್ ದಿನ ಏಳು ಗಂಟೆವರೆಗೆ ಮಲಗ್ಬೇಕು" ಎನ್ನುತ್ತಾರೆ.

ಹನ್ನೆರಡೂವರೆಗೆ ತಂಗಿಯ ಫೋನು. ಬೆಳಗ್ಗೆ ಒಂಬತ್ತಕ್ಕೆ ಪಕ್ಕದ ವಾರ್ಡಿನಿಂದ ಅಜ್ಜನೊಬ್ಬನನ್ನು ಅವಳ ವಾರ್ಡಿಗೆ ತಂದಿದ್ದಾರೆ. ಸೂಜಿಗೆ ಔಷಧಿ ತುಂಬಿಸಿ ಪರದೆ ನೋಡಿದರೆ ಕೆಂಪು ಸಾಲು, ಅದೇ ಔಷಧಿಯ ಹೆಸರು. ಚುಚ್ಚದೆ ಸೂಜಿ ಕೆಳಗಿಟ್ಟಿದ್ದಾಳೆ.

"ಇವತ್ತಷ್ಟೇ ಬಂದೋರು ಕಣಕ್ಕಾ. ನನ್ನ ಚೀಟೀಲಿ ಅವ್ರ ಹೆಸ್ರೇ ಇರ್ಲಿಲ್ಲ."

ಬಾಗಿಲಕ್ಕ ಕುರ್ಚಿಯ ಕೈ ಹಿಡಿದುಕೊಳ್ಳುತ್ತಾರೆ.

"ಈಗ ಹೇಗಿದ್ದಾರೆ? ಊಟ ಮಾಡಿದ್ರಾ?"

"ಮಾಡಿದ್ರು. ಉಪ್ಪಿಲ್ಲ, ಖಾರ ಇಲ್ಲ, ಇದೂ ಒಂದು ಊಟಾನಾ ಅಂತ ನನ್ನ ಜನ್ಮ ಜಾಲಾಡ್ತಿದ್ದಾರೆ."

"ಬೈಲಿ ಬಿಡೇ," ಎನ್ನುತ್ತಾರೆ ಬಾಗಿಲಕ್ಕ. "ಬೈಯೋಕೆ ಇದ್ದಾರಲ್ಲ."