ಬಟ್ಟಲ ತಳ ನೋಡಿ ರುಚಿ ಹೇಳುವಾಕೆ

ಬೆಳಗಿನ ಐದು ಗಂಟೆ. ಹೋಟೆಲಿನ ಹಿಂಬದಿಯ ಅಡುಗೆಮನೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಸೊಂಟದೆತ್ತರದ ಹಂಡೆಯಲ್ಲಿ ಕೋಳಿಮೂಳೆ, ಮೂಲಂಗಿ, ಈರುಳ್ಳಿಯ ಸಾರು ಸಣ್ಣಗೆ ಕುದಿಯುತ್ತಿದೆ. ಅದರ ಮುಂದೆ ನಿಂತ ಹೆಂಗಸು ಕೈ ಒರೆಸಿಕೊಂಡು, ಒಂದು ಗಳಿಗೆ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ದೇವರನ್ನು ನೆನೆದು, ಚಮಚದಿಂದ ಒಂದು ಗುಟುಕು ಕುಡಿಯುತ್ತಾರೆ. ಅರವತ್ತು ದಾಟಿದ ಅಡುಗೆಯವರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಾರೆ.

“ಪಾಸೋ, ಫೇಲೋ?”

“ಇನ್ನೊಂದು ತುಂಡು ಶುಂಠಿ ಹಾಕಿ ಅಣ್ಣ. ಆಮೇಲೆ ಪಾಸು.”

ಹೀಗೆ ತೀರ್ಪು ಕೊಡುವವರಿಗೆ ಇಲ್ಲಿ ಸಂಬಳ ಬರುವುದು ಬಟ್ಟಲು ತೊಳೆಯುವುದಕ್ಕೆ. ಎಲ್ಲರ ಬಾಯಲ್ಲೂ ಇವರು ಬಟ್ಟಲಕ್ಕ.

ಮಹಾನಗರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಚಪ್ಪಲಿ ರಿಪೇರಿ ಅಂಗಡಿಗೂ ಲಾಂಡ್ರಿಗೂ ನಡುವೆ ಇರುವ ಏಷ್ಯನ್ ಊಟದ ಪುಟ್ಟ ಹೋಟೆಲು ಇದು. ಮೂವತ್ತೆರಡು ಕುರ್ಚಿ. ಎರಡು ಬಸ್ ಟಿಕೆಟಿನ ದುಡ್ಡಿಗೆ ಬಟ್ಟಲು ತುಂಬ ಬಿಸಿ ನೂಡಲ್ಸು, ಮೇಲೆ ಸೊಪ್ಪು, ಅರ್ಧ ಮೊಟ್ಟೆ. ಟ್ಯಾಕ್ಸಿ ಚಾಲಕರು, ನರ್ಸುಗಳು, ತಿಂಗಳ ಕೊನೆಯಲ್ಲಿ ಕಾಲೇಜು ಹುಡುಗಿಯರು ಇಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತು ಉಣ್ಣುತ್ತಾರೆ. ದಿನಕ್ಕೆ ನಾನೂರರ ಆಸುಪಾಸು ಬಟ್ಟಲುಗಳು ಗೋಡೆಯ ಕಿಂಡಿಯಿಂದ ಒಳಗೆ ಬರುತ್ತವೆ. ಅಷ್ಟನ್ನೂ ಬಟ್ಟಲಕ್ಕ ನಿಂತೇ ತೊಳೆಯುತ್ತಾರೆ. ಹನ್ನೊಂದು ವರ್ಷದ ಸೋಪಿನ ನೀರಿಗೆ ಬೆರಳ ಸಂದುಗಳು ಬಿರುಕುಬಿಟ್ಟಿವೆ. ಮೂಟೆ ಹೊರುತ್ತಿದ್ದ ಗಂಡ, ಬೆನ್ನು ಕೈಕೊಟ್ಟ ಮೇಲೆ, ಹೋಟೆಲಿಗೆ ಬೇಕಾದ ಬೆಳ್ಳುಳ್ಳಿಯನ್ನು ಮನೆಯಲ್ಲಿ ಕೂತು ಸುಲಿದುಕೊಡುತ್ತಾರೆ. “ನಮ್ಮನೆಯವ್ರು ನಿದ್ದೇಲೂ ಬೆರಳು ಆಡಿಸ್ತಾರೆ. ದಿಂಬಿನ ಸಿಪ್ಪೆ ಸುಲೀದಿದ್ರೆ ಸಾಕು” ಎಂದು ಬಟ್ಟಲಕ್ಕ ನಗುತ್ತಾರೆ.

ತೊಳೆಯುವ ಮುನ್ನ ಪ್ರತಿ ಬಟ್ಟಲನ್ನೂ ಬೆಳಕಿಗೆ ವಾಲಿಸಿ ತಳ ನೋಡುವುದು ಇವರ ಅಭ್ಯಾಸ. “ಉಂಡೋರು ಬಾಯಿಬಿಟ್ಟು ಹೇಳಲ್ಲ. ಬಿಟ್ಟು ಎದ್ದು ಹೋಗ್ತಾರೆ. ಏನು ಬಿಟ್ರು ಅಂತ ನೋಡಿದ್ರೆ ಎಲ್ಲಾ ಗೊತ್ತಾಗುತ್ತೆ.”

ಕಳೆದ ಚಳಿಗಾಲದಲ್ಲಿ ಗೊತ್ತಾದದ್ದು ಹಾಗೆಯೇ. ಅಡುಗೆಯವರು ಒಂದು ವಾರ ಜ್ವರದಲ್ಲಿ ಮಲಗಿ ಎದ್ದು ಬಂದಿದ್ದರು. ಬೆಳಿಗ್ಗೆ ಬಟ್ಟಲುಗಳು ಖಾಲಿ ಬರುತ್ತಿದ್ದವು. ಮಧ್ಯಾಹ್ನ ತಳದಲ್ಲಿ ನಾಲ್ಕು ಚಮಚ ಸಾರು ಉಳಿಯುತ್ತಿತ್ತು. ಸಂಜೆಗೆ ಅರ್ಧ ಬಟ್ಟಲು. ಬಟ್ಟಲಕ್ಕ ಎರಡು ದಿನ ನೋಡಿದರು, ಮೂರನೆಯ ದಿನ ಕೇಳಿಯೇಬಿಟ್ಟರು: “ಅಣ್ಣ, ಹಂಡೆಗೆ ಉಪ್ಪು ಹಾಕಿದ್ರಾ?”

ಈ ಅಡುಗೆಮನೆಯಲ್ಲಿ ಹಂಡೆಗೆ ಉಪ್ಪು ಹಾಕುವಂತಿಲ್ಲ. ಉಪ್ಪು, ಸೋಯಾ ಸಾಸು ಬೆರೆಸಿದ ಕಪ್ಪು ರಸವನ್ನು ಒಂದೊಂದು ಚಮಚ ಬಟ್ಟಲಿಗೆ ಹಾಕಿ, ಅದರ ಮೇಲೆ ಸಾರು ಸುರಿಯುತ್ತಾರೆ. ಹಂಡೆಗೇ ಉಪ್ಪು ಬಿದ್ದರೆ ದಿನವಿಡೀ ಕುದಿದು ಬತ್ತಿದಂತೆಲ್ಲ ಅದು ಏರುತ್ತದೆ. ಬೆಳಿಗ್ಗೆ ಗೊತ್ತಾಗದ್ದು ಸಂಜೆಗೆ ಬಾಯಿಗಿಡಲಾಗದು.

“ಪಾತ್ರೆ ತೊಳೆಯೋಳು ಪಾತ್ರೆ ತೊಳಿ” ಎಂದರು ಅಡುಗೆಯವರು. ಎರಡು ದಿನ ಮಾತಿಲ್ಲ. ಸಂಜೆಯ ಗಿರಾಕಿಗಳು ಕರಗತೊಡಗಿದರು. ಇನ್ನೊಂದು ವಾರ ಹೀಗೇ ಆದರೆ ಬೇರೆ ಅಡುಗೆಯವರನ್ನು ನೋಡಬೇಕಾಗುತ್ತದೆಂದು ಮಾಲೀಕರು ಕಡ್ಡಿ ಮುರಿದಂತೆ ಹೇಳಿದರು. ಆ ಸಂಜೆ ಬಟ್ಟಲಕ್ಕ ಬೆಳಗಿನದೊಂದು, ಮಧ್ಯಾಹ್ನದ್ದೊಂದು, ಸಂಜೆಯದೊಂದು, ಮೂರು ಬಟ್ಟಲುಗಳನ್ನು ತೊಳೆಯದೆ ಒಲೆಯ ಪಕ್ಕ ಸಾಲಾಗಿ ಇಟ್ಟರು.

ಅಡುಗೆಯವರು ಒಂದೊಂದೇ ಬಟ್ಟಲನ್ನು ಬೆಳಕಿಗೆ ವಾಲಿಸಿ ನೋಡಿದರು. ಆಮೇಲೆ ಅಕ್ಕಿಮೂಟೆಯ ಮೇಲೆ ಕೂತರು. “ಜ್ವರ ಬಿಟ್ಟ ಮೇಲೆ ನಾಲಿಗೆಗೆ ಏನೂ ತಿಳೀತಿಲ್ಲ ಕಣಮ್ಮ. ಸಪ್ಪೆ ಅನ್ನಿಸ್ತು, ಉಪ್ಪು ಹಾಕ್ದೆ.”

ಮರುದಿನ ಅವರೇ ಹೋಗಿ ಮಾಲೀಕರ ಮುಂದೆ ತಪ್ಪು ಒಪ್ಪಿಕೊಂಡರು. “ಬಟ್ಟಲು ಖಾಲಿಯಾಗಿ ಬರ್ತಿರೋವರೆಗೂ ಇರಿ” ಎಂದರಂತೆ ಮಾಲೀಕರು. ಅಂದಿನಿಂದ ಕೈ ಅಡುಗೆಯವರದು, ನಾಲಿಗೆ ಬಟ್ಟಲಕ್ಕನದು. ಸಂಬಳ ಮಾತ್ರ ಬಟ್ಟಲಿನದೇ.

ಇಂದು ಸಂಜೆ ಆರು. ಕಿಂಡಿಯಿಂದ ಬಂದ ಬಟ್ಟಲೊಂದರಲ್ಲಿ ಸಾರು ಅರ್ಧಕ್ಕರ್ಧ ಉಳಿದಿದೆ. ಒಲೆಯ ಬಳಿ ಸೌಟು ನಿಲ್ಲುತ್ತದೆ. ಬಟ್ಟಲಕ್ಕ ಅದನ್ನು ಬೆಳಕಿಗೆ ವಾಲಿಸುತ್ತಾರೆ.

“ನೂಡಲ್ಸೂ ಬಿಟ್ಟಿದ್ದಾರೆ, ಮೊಟ್ಟೇನೂ ಬಿಟ್ಟಿದ್ದಾರೆ. ಬಸ್ಸು ಬಂತೇನೋ, ಪಾಪ. ಸಾರಿನ ತಪ್ಪಲ್ಲ ಅಣ್ಣ.”

ಸೌಟು ಮತ್ತೆ ಆಡುತ್ತದೆ.

ದೇವರ ಮುಂದೆ ಏನು ಕೇಳಿಕೊಳ್ಳುತ್ತೀರಿ ಎಂದರೆ ಬಟ್ಟಲಕ್ಕ ನಲ್ಲಿ ತಿರುಗಿಸುತ್ತ ಹೇಳುತ್ತಾರೆ: “ಅಣ್ಣಂಗೆ ನಾಲಿಗೆ ವಾಪಸ್ ಬರ್ಲಿ ಅಂತ. ಅಲ್ಲೀವರೆಗೆ ನಂದು ಇದ್ಯಲ್ಲ.”