ಜಾದ್‌ಗೆ ಕಂಠ ಕೊಟ್ಟವಳು

ನನ್ನ ನಾದಿನಿ ಸಮೀಹಾ ಬಾಯಿ ತೆರೆದರೆ ಗಂಡಸರು ತಿರುಗಿ ನೋಡುತ್ತಾರೆ. ಚೆಲುವಿಗಲ್ಲ, ಅರವತ್ತು ದಾಟಿದ ಮೇಲೆ ಯಾರ ಚೆಲುವು ಉಳಿದಿರುತ್ತದೆ! ಕಂಠಕ್ಕೆ. ಹೋದ ವಾರ ನಮ್ಮ ಮಿದಾನ್ ಕೇರಿಯ ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿ ತುದಿ ಮುರಿಯುತ್ತಾ, "ಇದೇನು ಬೆಂಡೆನೋ ಬಡಿಗೆನೋ? ನಿನ್ನ ಹೆಂಡ್ತಿಗೆ ಇದನ್ನೇ ಕೊಡ್ತೀಯಾ?" ಎಂದು ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಪಕ್ಕದಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಗಡ್ಡದ ಆಸಾಮಿಯೊಬ್ಬ ಗರಬಡಿದವನ ಹಾಗೆ ನಿಂತುಬಿಟ್ಟ.

"ಖಾಲಾ, ತಪ್ಪು ತಿಳ್ಕೋಬೇಡಿ. ನೀವು... ನೀವು ಜಾದ್ ಅಲ್ವಾ?"

"ಅವನು ಸತ್ತು ಎಷ್ಟೋ ವರ್ಷ ಆಯ್ತಲ್ಲಪ್ಪಾ. ನಾನು ಸಮೀಹಾ."

ದೇವರಾಣೆ, ಆ ಗಡ್ಡದವನ ಕಣ್ಣು ತುಂಬಿ ಬಂತು. "ಅವನು ಸತ್ತ ದಿನ ನಾನು ಊಟ ಬಿಟ್ಟಿದ್ದೆ ಖಾಲಾ," ಎಂದ. ಅಂಗಡಿಯವನು ಬಾಯಿ ಮುಚ್ಚಿಕೊಂಡು ಒಳಗಿನಿಂದ ಎಳೆ ಬೆಂಡೆ ತಂದು ಹಾಕಿದ. ನಾನು ಎದೆ ಸೆಟೆಸಿಕೊಂಡು ಮನೆಗೆ ಬಂದೆ. ಹೌದು, ಜಂಬವೇ. ನನ್ನ ನಾದಿನಿಯ ಬಗ್ಗೆ ನಾನು ಪಡದೆ ಇನ್ಯಾರು ಪಡಬೇಕು?

ಜಾದ್ ಯಾರು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. 'ಬಿರುಗಾಳಿ ದಳ' ಎಂಬ ಕಾರ್ಟೂನ್ ಬರುತ್ತಿತ್ತು. ಐವರು ವೀರರು, ಬಣ್ಣಬಣ್ಣದ ಕವಚ, ಆಕಾಶದಲ್ಲಿ ಕಾದಾಟ. ಪೂರ್ವದ ಯಾವುದೋ ದೇಶದಲ್ಲಿ ಬರೆದ ಚಿತ್ರಗಳು. ಮಾತು ಮಾತ್ರ ಡಮಾಸ್ಕಸ್ಸಿನ ನಮ್ಮ ಸ್ಟುಡಿಯೊದ್ದು. ಸ್ಟುಡಿಯೊ ಎಂದರೆ ದೊಡ್ಡದೇನಲ್ಲ, ದಂತವೈದ್ಯರೊಬ್ಬರ ಮನೆಯ ನೆಲಮಾಳಿಗೆ. ಮಾತು ಬರೆಯುವವನು, ನಿರ್ದೇಶಿಸುವವನು, ಬೈಯುವವನು ಎಲ್ಲ ನನ್ನ ಗಂಡ ವಸ್ಫಿ. ಹುಡುಗರ ದನಿಯೆಲ್ಲ ಹೆಂಗಸರದೇ. ದಳದ ಎರಡನೆಯ ವೀರ, ನೀಲಿ ಕವಚದ ಮುಂಗೋಪಿ ಜಾದ್, ಸಮೀಹಾಳ ಪಾಲಿಗೆ ಬಂದಿದ್ದ. ನನ್ನ ಪಾಲಿಗೆ ಮುದುಕಿಯರು, ಮಾಟಗಾತಿಯರು, ಒಂದು ಕಾಗೆ.

ಸಮೀಹಾಳ ದನಿ ಹುಟ್ಟಿನಿಂದಲೇ ಒಡಕು. ಶಾಲೆಯಲ್ಲಿ ಹಾಡುವ ಸಾಲಿನಿಂದ ಎಬ್ಬಿಸಿ ಹಿಂದೆ ಕೂರಿಸಿದ್ದರಂತೆ. "ಈ ಗಂಟಲಿಗೆ ಎಲ್ಲಿಂದ ಗಂಡು ತರಲಿ?" ಎಂದು ಅವಳ ತಾಯಿ ತಲೆ ಚಚ್ಚಿಕೊಳ್ಳುತ್ತಿದ್ದಳು. ಗಂಡು ಹುಡುಕಬೇಕಾಗಿರಲಿಲ್ಲ, ಪಕ್ಕದ ಓಣಿಯಲ್ಲೇ ಇದ್ದ. ಅವಳು ಮಹಡಿಯ ಮೇಲೆ ಬಟ್ಟೆ ಒಣಗಹಾಕುತ್ತಾ ತಮ್ಮಂದಿರನ್ನು ಗದರಿಸುವುದನ್ನು ಕೇಳಲೆಂದೇ ಕೆಳಗೆ ನಿಲ್ಲುತ್ತಿದ್ದನಂತೆ ವಸ್ಫಿ. ಹೌದು, ನನ್ನ ವಸ್ಫಿಯೇ.

ಎರಡೂ ಮನೆಯವರು ಒಪ್ಪಿದರು. ಮಾತು ಗಟ್ಟಿಮಾಡಲು ಫಾತಿಹಾ ಓದುವುದಕ್ಕೆ ಹಿರಿಯರು ಕೂತಿದ್ದರು, ಒಳಗೆ ಹೆಂಗಸರು ತಟ್ಟೆಗೆ ಸಿಹಿ ಜೋಡಿಸುತ್ತಿದ್ದರು. ಆಗ ಕೇರಿಯ ಹಳೆಯ ಸೂಲಗಿತ್ತಿ, ಯಾರೋ ಕರೆದಿದ್ದಕ್ಕೆ ಬಂದವಳು, ಸಮೀಹಾಳ ಗಲ್ಲ ಹಿಡಿದು ಎತ್ತಿ ನೋಡಿ, "ಉಮ್ಮು ವಸ್ಫಿ, ಇವಳು ನಿನ್ನ ಎದೆಗೆ ಜೋತುಬಿದ್ದಿದ್ದ ಕೂಸಲ್ವೇನೇ?" ಎಂದಳು.

ಉಮ್ಮು ವಸ್ಫಿ ಎಂದರೆ ವಸ್ಫಿಯ ತಾಯಿ, ನನ್ನ ಅತ್ತೆ. ಅವಳಿಗೆ ಹಾಲು ಧಾರಾಳ. ಕೇರಿಯಲ್ಲಿ ಯಾರ ಕೂಸು ಅತ್ತರೂ ಎತ್ತಿಕೊಂಡು ಎದೆಗೆ ಹಾಕಿಕೊಳ್ಳುವವಳು. ಯಾವ ಕೂಸು, ಯಾರ ಕೂಸು, ನೆನಪಿಟ್ಟವಳಲ್ಲ. ಸಮೀಹಾ ಹುಟ್ಟಿದ ಚಳಿಗಾಲದಲ್ಲಿ ಅವಳ ತಾಯಿ ಜ್ವರದಲ್ಲಿ ಮಲಗಿದ್ದಳು. ತನಗೆ ಹಾಲು ಬತ್ತಿದ್ದನ್ನು ಹೇಳಿಕೊಳ್ಳಲು ನಾಚಿ ಆಮೇಲೆ ಅವಳೂ ಸುಮ್ಮನಾದಳು. ನಮ್ಮ ಧರ್ಮದಲ್ಲಿ ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರೇ. ಅಲ್ಲಿಗೆ ಮದುವೆಯ ಮಾತು ಮುಗಿಯಿತು. ಜೋಡಿಸಿದ್ದ ಸಿಹಿಯನ್ನು ಮತ್ತೆ ಡಬ್ಬಿಗೆ ತುಂಬಿದರಂತೆ.

ಎರಡು ವರ್ಷದ ಮೇಲೆ ವಸ್ಫಿಗೆ ಹೆಣ್ಣು ನೋಡಲು ನಮ್ಮ ಮನೆಗೆ ಬಂದವರು ಯಾರು ಗೊತ್ತೇ? ಅತ್ತೆ, ಮತ್ತು ಸಮೀಹಾ. ಗಂಡಿನ ತಂಗಿ ಬಾರದೆ ಹೆಣ್ಣು ನೋಡುವುದುಂಟೇ? ನನ್ನ ಕೂದಲು ನೋಡಿದಳು, ಕೈ ನೋಡಿದಳು, ನಾನು ಮಾಡಿದ ಕಾಫಿ ಕುಡಿದಳು. ನನ್ನ ಬಾಯಿ ಕೇಳಿ, "ಹುಡುಗಿ ಜೋರಿದಾಳೆ. ಅವರಿಗೆ ಇಂಥೋಳೇ ಬೇಕು," ಎಂದು ಒಪ್ಪಿಗೆ ಕೊಟ್ಟಳು. ಆಮೇಲೆ ಅವಳೂ ಒಬ್ಬ ಒಳ್ಳೆಯ ಬಣ್ಣಗಾರನನ್ನು ಮದುವೆಯಾಗಿ ಎರಡು ಹೆಣ್ಣು ಹೆತ್ತಳು. ನಕ್ಕಳು, ನಗಿಸಿದಳು, ಹಬ್ಬಕ್ಕೆ ನಮ್ಮ ಮನೆಯಲ್ಲೇ ಕೂತು ಬದನೆಕಾಯಿಗೆ ಅಕ್ರೋಟು ತುಂಬಿದಳು. ಮನೆಯವರಷ್ಟೇ ಇದ್ದಾಗ ವಸ್ಫಿಯ ಮುಂದೆ ತಲೆಯ ಬಟ್ಟೆ ತೆಗೆದಿಡುತ್ತಿದ್ದಳು; ತಂಗಿಯಲ್ಲವೇ, ಅಡ್ಡಿಯಿಲ್ಲ. ಒಂದು ಮಾತ್ರ ಅವಳ ಬಾಯಿಂದ ಬರಲಿಲ್ಲ. ಅವನನ್ನು 'ಅಣ್ಣ' ಎನ್ನಲಿಲ್ಲ. 'ಉಸ್ತಾದ್' ಎನ್ನುತ್ತಿದ್ದಳು. "ನನ್ನ ಹಾಲು ಕುಡಿದವಳು ನನ್ನ ಮಗನ್ನ ಮೇಷ್ಟ್ರೇ ಅಂತ ಕರೀತಾಳಲ್ಲ!" ಎಂದು ಅತ್ತೆ ಸಾಯುವ ತನಕ ಗೊಣಗಿದಳು. ನನಗೂ ಚುಚ್ಚುತ್ತಿತ್ತು. ಸುಳ್ಳೇಕೆ ಹೇಳಲಿ? ಆದರೆ ಯಾರೂ ಯಾರನ್ನೂ ಕೇಳಲಿಲ್ಲ.

ಇನ್ನು ಕಾರ್ಟೂನಿನ ಕಥೆಗೆ ಬರುತ್ತೇನೆ. ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇತ್ತು. ಮಕ್ಕಳ ಕಾರ್ಯಕ್ರಮ, ಕೊಳ್ಳುವ ದೂರದರ್ಶನದವರು ಬಲು ಮಡಿ. ಪ್ರೇಮ ಗೀಮ ಕೂಡದು. ಅಲ್ಲಿ, ಮೂಲದ ಚಿತ್ರದಲ್ಲಿ, ಹೆಂಡ ಕುಡಿದರೆ ಇಲ್ಲಿ ದಾಳಿಂಬೆ ರಸ ಕುಡಿಯಬೇಕು. ಅಲ್ಲಿ ಯಾರಾದರೂ ಸತ್ತರೆ ಇಲ್ಲಿ 'ಪ್ರಯಾಣ ಹೋದ'. ಅಲ್ಲಿ ಒಬ್ಬ ಹುಡುಗ ಒಬ್ಬ ಹುಡುಗಿ ಕೈ ಹಿಡಿದರೆ ಇಲ್ಲಿ ಅವರು ಅಣ್ಣತಂಗಿ. ಬಿರುಗಾಳಿ ದಳದ ನಾಯಕ ಹಾಜೆಮ್‌ಗೂ ದಳದ ಹುಡುಗಿ ಲಮೀಸ್‌ಗೂ ಮೊದಲ ಕಂತಿನಲ್ಲೇ ಕಣ್ಣು ಕಣ್ಣು ಕಲೆತವು. ವಸ್ಫಿ ಹಿಂದುಮುಂದು ನೋಡದೆ ಅವರನ್ನು ಅಣ್ಣತಂಗಿ ಮಾಡಿಬಿಟ್ಟ.

ಅದೇ ಹುಡುಗಿಯ ಮೇಲೆ ಜಾದ್‌ಗೂ ಮನಸ್ಸು. ಬಾಯಿಬಿಟ್ಟು ಹೇಳುವವನಲ್ಲ, ಒಳಗೇ ಬೇಯುವವನು. ಹಾಜೆಮ್ ಅವಳಿಗೆ ಹೂ ಕೊಟ್ಟರೆ ಜಾದ್ ಗೋಡೆಗೆ ಗುದ್ದುತ್ತಾನೆ. ಅಣ್ಣ ತಂಗಿಗೆ ಹೂ ಕೊಟ್ಟರೆ ಇವನಿಗೇನು ಹೊಟ್ಟೆಯುರಿ? ವಸ್ಫಿ ತಲೆ ಕೆರೆದುಕೊಂಡು, "ಅಯ್ಯೋ, ನನಗೆ ಅಣ್ಣತಂಗಿಯರೇ ಇಲ್ಲವಲ್ಲ!" ಎಂದು ಅವನ ಬಾಯಿಗೆ ಮಾತು ತುರುಕಿದ.

"ಏನ್ ಉಸ್ತಾದ್, ಇವನೇನು ವೀರನಾ, ಅನಾಥಾಶ್ರಮದ ಚಂದಾ ವಸೂಲಿಯವನಾ?" ಎಂದಳು ಸಮೀಹಾ ಮೈಕಿನ ಮುಂದೆ.

"ಬರೆದದ್ದು ಓದು ಮಾರಾಯ್ತಿ."

ಓದಿದಳು. ಆದರೆ ಹೇಗೆ ಓದಿದಳು! ಆ ಪೆದ್ದು ಮಾತನ್ನೇ ಅವಳ ಒಡಕು ಕಂಠ ಎತ್ತಿ ಹಿಡಿಯಿತು. ಊರಿನ ಹುಡುಗರೆಲ್ಲ ಓಣಿಯಲ್ಲಿ ಜಾದ್ ಆಗಲು ಜಗಳವಾಡುತ್ತಿದ್ದರು, ಹಾಜೆಮ್ ಆಗಲು ಯಾರೂ ಮುಂದೆ ಬರುತ್ತಿರಲಿಲ್ಲ.

ಟೇಪುಗಳು ಒಟ್ಟಿಗೆ ಬರುತ್ತಿರಲಿಲ್ಲ, ಕಂತುಕಂತಾಗಿ ಬರುತ್ತಿದ್ದವು. ಮುಂದೇನು ಎಂದು ನಮಗೂ ಗೊತ್ತಿರುತ್ತಿರಲಿಲ್ಲ. ಕೊನೆಯ ಗಂಟು ಬಂದ ದಿನ ಮೂವರೂ ಕೂತು ನೋಡಿದೆವು. ಹಾಜೆಮ್ ಲಮೀಸ್‌ಳ ಬೆರಳಿಗೆ ಉಂಗುರ ತೊಡಿಸಿದ! ಅದನ್ನು ನೋಡಿದ ಜಾದ್, ಸಾಯಲು ಹೊರಟ ಹಾಜೆಮ್‌ನ ಬದಲು ಆಕಾಶದ ಹಡಗಿಗೆ ತಾನೇ ಹತ್ತಿ ಶತ್ರುವಿನ ಮೇಲೆ ಬಿದ್ದ. ಲಮೀಸ್‌ಳ ಮಡಿಲಲ್ಲಿ ತಲೆಯಿಟ್ಟು ಏನೋ ಹೇಳಿ ಸತ್ತ.

ವಸ್ಫಿಯ ಮುಖ ಬೂದಿ ಬಣ್ಣಕ್ಕೆ ತಿರುಗಿತು. "ಅಣ್ಣ ತಂಗಿಗೆ ಉಂಗುರ ತೊಡಿಸ್ತಿದಾನೆ. ಆ ಕಂತುಗಳೆಲ್ಲ ಊರೆಲ್ಲಾ ನೋಡಿ ಆಗಿದೆ. ನನ್ನ ಕಥೆ ಮುಗೀತು, ಬುಸೈನಾ."

"ಮಾಡಿದ್ದುಣ್ಣೋ ಮಹಾರಾಯ," ಎಂದೆ ನಾನು. ಹೆಂಡತಿ ಬೇರೇನು ಹೇಳಬೇಕು?

ಅವನು ಪೆನ್ಸಿಲು ಕಚ್ಚುತ್ತಾ ಕೂತು ಒಂದು ದಾರಿ ಹುಡುಕಿದ. ಉಂಗುರ ಕತ್ತರಿಸುವುದು. ಮಡಿಲು ಕತ್ತರಿಸುವುದು. ಹಡಗು ಹೊರಟ ಕೂಡಲೇ ಗೆಲುವಿನ ಹಾಡು. ಜಾದ್ ಎಲ್ಲಿ? ದೂರದ ಗ್ರಹಕ್ಕೆ ಪ್ರಯಾಣ ಹೋದ.

ಸಮೀಹಾ ತಣ್ಣಗಾದ ಕಷಾಯದ ಲೋಟವನ್ನು ನೆಲಕ್ಕಿಟ್ಟಳು. "ಇಲ್ಲ."

"ಇಲ್ಲ ಅಂದ್ರೆ?"

"ನನ್ನ ಹುಡುಗನ್ನ ನಾನು ಪ್ರಯಾಣ ಕಳಿಸಲ್ಲ. ಇಷ್ಟು ದಿನ ಅವನು ಎದೇಲಿ ಇಟ್ಕೊಂಡು ಸುಟ್ಕೊಂಡಿದ್ದು ಇದಕ್ಕಾ? ಅವನು ಸಾಯ್ತಾನೆ. ಯಾಕೆ ಸತ್ತ ಅಂತ ಮಕ್ಕಳಿಗೆ ತಿಳೀಬೇಕು. ಇಲ್ಲಾಂದ್ರೆ ಬೇರೆ ಯಾರ ಕೈಲಾದ್ರೂ ಹೇಳಿಸ್ಕೊಳ್ಳಿ. ನಾನು ಮೈಕಿನ ಮುಂದೆ ನಿಲ್ಲಲ್ಲ."

"ತಿಳಿಸೋದು ಹೇಗೆ? ಪ್ರೇಮ ಅನ್ನೋ ಹಾಗಿಲ್ಲ, ಅವಳನ್ನ ಮುಟ್ಟೋ ಹಾಗಿಲ್ಲ. ಪರಗಂಡಸು ಅವಳ ಮಡಿಲಲ್ಲಿ ತಲೆ ಇಟ್ರೆ ಕಾರ್ಯಕ್ರಮನೇ ವಾಪಸ್ ಬರತ್ತೆ!"

ಸಮೀಹಾ ಎದ್ದು ಟೇಪನ್ನು ಹಿಂದಕ್ಕೆ ತಿರುಗಿಸಿದಳು. ಕೊನೆಯ ಯುದ್ಧಕ್ಕೆ ಮುಂಚೆ ಒಬ್ಬ ಮುದುಕಿ, ಮನೆಯ ಆಳೋ ಯಾರೋ, ಜಾದ್ ಜೊತೆ ಮಾತಾಡುವ ದೃಶ್ಯವಿತ್ತು. ಬೆನ್ನು ತಿರುಗಿಸಿ ಕೂತಿದ್ದಾಳೆ, ತುಟಿ ಕಾಣುವುದಿಲ್ಲ. ಏನು ಮಾತು ಹಾಕಿದರೂ ಒಗ್ಗುತ್ತದೆ.

"ಇವಳು ಹಾಲು ಕೊಟ್ಟ ದಾದಿ," ಎಂದಳು ಸಮೀಹಾ. ಮುಖ ಪರದೆಯ ಕಡೆಗೇ ಇತ್ತು. "ಲಮೀಸ್ ಹುಟ್ಟಿದಾಗ ತಾಯಿಗೆ ಹಾಲಿರಲಿಲ್ಲ. ಇವಳು ಕುಡಿಸಿದಳು. ಅದೇ ಎದೇಲಿ ತಬ್ಬಲಿ ಜಾದ್‌ಗೂ ಕುಡಿಸಿದಳು. ಹಾಜೆಮ್ ಅವಳ ಚಿಕ್ಕಪ್ಪನ ಮಗ, ಅಪ್ಪ ಸತ್ತ ಮೇಲೆ ಅದೇ ಮನೇಲಿ ಬೆಳೆದ. ತನ್ನ ತಾಯಿ ಹಾಲು ಕುಡಿದು ಬಂದೋನು. ಒಟ್ಟಿಗೆ ಬೆಳೆದ್ರು, ಅಣ್ಣತಂಗಿ ಅಂತ ತಿಳ್ಕೊಂಡ್ರು, ಅಷ್ಟೇ. ನಮ್ಮಲ್ಲಿ ಚಿಕ್ಕಪ್ಪನ ಮಗನಿಗೆ ಕೊಡೋದು ಇದ್ದದ್ದೇ, ಅವನಿಗೆ ಅವಳನ್ನ ಕೊಡಬಹುದು. ಜಾದ್‌ಗೆ ಕೊಡೋ ಹಾಗಿಲ್ಲ. ಆದ್ರೆ ಸಾಯೋವಾಗ ಅವಳ ಮಡಿಲಲ್ಲಿ ತಲೆ ಇಡಬಹುದು. ಯಾರು ಕೇಳ್ತಾರೆ?"

ಒಂದೇ ಏಟಿಗೆ ಎಲ್ಲ ಗಂಟೂ ಬಿಚ್ಚಿತ್ತು. ಮೂವರ ನಡುವೆ ಅಷ್ಟು ವರ್ಷ ಯಾರೂ ಮುಟ್ಟದ ಮಾತನ್ನು ಅವಳು ಎತ್ತಿ ಮೇಜಿನ ಮೇಲೆ ಇಟ್ಟಿದ್ದಳು.

ವಸ್ಫಿ ತಡವರಿಸಿದ. "ಹಾಜೆಮ್ ಮತ್ತೆ ಅವಳು... ಹಿಂದಿನ ಕಂತಲ್ಲಿ ಕೈ ಹಿಡ್ಕೊಂಡಿದಾರೆ. ಅಣ್ಣ ಅಲ್ಲ ಅಂದ್ರೆ ಅದು ತಪ್ಪಾಗಲ್ವಾ?"

"ಗೊತ್ತಿಲ್ಲದೆ ಮಾಡಿದ್ದು ತಪ್ಪಲ್ಲ ಉಸ್ತಾದ್. ಗೊತ್ತಾಗೋ ಮುಂಚೆ ಯಾರೂ ತಪ್ಪು ಮಾಡಿರಲ್ಲ."

ಅವನು ತಲೆ ತಗ್ಗಿಸಿದ. ಪೆನ್ಸಿಲು ಎತ್ತಿಕೊಂಡು ಬರೆಯತೊಡಗಿದ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

ಮುದುಕಿಯ ಪಾತ್ರ ಯಾರದು? ನನ್ನದೇ. ಆ ಸೂಲಗಿತ್ತಿ ಅಂದು ಆಡಿದ ಮಾತನ್ನು, ಸಮೀಹಾಳ ಬಾಳಿನ ಬಾಗಿಲು ಹಾಕಿ ನನ್ನ ಬಾಳಿನ ಬಾಗಿಲು ತೆರೆದ ಮಾತನ್ನು, ನನ್ನ ಬಾಯಿಂದಲೇ ಹೇಳಿಸಿದ ಆ ದೇವರು. "ಮಗನೇ, ನೀವಿಬ್ಬರೂ ಈ ಎದೆಯ ಹಾಲು ಕುಡಿದವರು" ಎಂಬಲ್ಲಿ ಎರಡು ಸಲ ತಪ್ಪಿದೆ. ಪಕ್ಕದ ಮೈಕಿನಲ್ಲಿದ್ದ ಸಮೀಹಾ ನನ್ನ ಮೊಣಕೈ ಹಿಡಿದುಕೊಂಡಳು. "ಹೇಳು ಬುಸೈನಾ, ಕಾಗೆ ದನಿ ಮಾತ್ರ ಬರೋದು ಬೇಡ," ಎಂದು ಪಿಸುಗುಟ್ಟಿದಳು. ಆ ಘಳಿಗೆಯಲ್ಲೂ ನಗಿಸುತ್ತಾಳೆ ನೋಡಿ! ಹೇಳಿ ಮುಗಿಸಿದೆ.

ಕೊಳ್ಳುವವರು ಸಾವನ್ನೂ ಸೇರಿಸಿ ಒಂದು ಚೂರೂ ಕತ್ತರಿಸದೆ ಒಪ್ಪಿದರು. ಮಕ್ಕಳಿಗೆ ನೆಂಟಸ್ತಿಕೆಯ ಮರ್ಯಾದೆ ಕಲಿಸುವ ಕಥೆ ಎಂದು ಹೊಗಳಿದರಂತೆ. ಪ್ರಸಾರವಾದ ಸಂಜೆ ಮಿದಾನ್ ಓಣಿಯಲ್ಲಿ ಚೆಂಡಿನ ಸದ್ದೇ ಇರಲಿಲ್ಲ. ಮಕ್ಕಳಿರಲಿ, ಇಸ್ತ್ರಿ ಅಂಗಡಿಯ ಮುದುಕ ಅಂಗಿಯೊಂದನ್ನು ಸುಟ್ಟು ಹಾಕಿ ಕಣ್ಣೊರೆಸಿಕೊಳ್ಳುತ್ತಿದ್ದ. ಅದೆಲ್ಲ ಸರಿ. ನನ್ನ ಹೆಮ್ಮೆ ಮಾತ್ರ ಆ ಸಂಜೆಯದಲ್ಲ. ಜಾದ್ ಸಾಯುವ ದೃಶ್ಯಕ್ಕೆ ದನಿ ಕೊಟ್ಟ ಮಧ್ಯಾಹ್ನದ್ದು.

ಚಿತ್ರದಲ್ಲಿ ಸಾಯುವ ಮುಂಚೆ ಅವನ ತುಟಿ ಎರಡೇ ಸಲ ತೆರೆಯುತ್ತದೆ. ಅಲ್ಲಿನವರು ಆ ಜಾಗದಲ್ಲಿ ಪ್ರೀತಿಯ ಮಾತು ಇಟ್ಟಿದ್ದರು. ವಸ್ಫಿ ಬರೆದದ್ದು ಒಂದೇ ಪದ, 'ತಂಗೀ'. ಬರೆದು ಹಾಳೆಯನ್ನು ನನ್ನ ಕೈಗೆ ಕೊಟ್ಟು ಗಾಜಿನ ಆಚೆಯ ಕೋಣೆಗೆ ಹೋಗಿ ಕೂತ. ಹಾಳೆಯನ್ನು ಸಮೀಹಾಗೆ ಕೊಟ್ಟು ನಾನೂ ಅವನ ಪಕ್ಕಕ್ಕೆ ಹೋದೆ.

ಸಮೀಹಾ ತಲೆಯ ಬಟ್ಟೆ ತೆಗೆದು ಕುರ್ಚಿಗೆ ಹಾಕಿದಳು. ಪರದೆಯ ಮೇಲೆ ಜಾದ್ ಕಣ್ಣು ತೆರೆದ. ಅವಳು ಅಳಲಿಲ್ಲ, ನಡುಗಲಿಲ್ಲ. ಶಾಲೆಯವರು ಹಿಂದಿನ ಸಾಲಿಗೆ ತಳ್ಳಿದ್ದ ಆ ಒಡಕು ಕಂಠದಲ್ಲಿ, "ತಂಗೀ..." ಎಂದಳು. ಅದರಲ್ಲಿ ದುಃಖವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ದುಃಖಕ್ಕಿಂತ ಎತ್ತರದಲ್ಲಿ ಇನ್ನೊಂದಿತ್ತು. ತನಗೆ ಸಿಗದಿದ್ದನ್ನು ತಲೆಯೆತ್ತಿ ಹರಸಿ ಹೋಗುವವರ ಗತ್ತು. ಅಷ್ಟು ದಿನ ನಾನು ಅವಳ ಮೌನದಲ್ಲಿ ಹುಡುಕಿ ಹುಡುಕಿ ಹೆದರಿದ್ದು ಇದಕ್ಕೇ ಏನು ಎಂದು ನನಗೇ ನಾಚಿಕೆಯಾಯಿತು.

ಎಷ್ಟೇ ಚೆನ್ನಾಗಿ ಬಂದರೂ ವಸ್ಫಿ "ಇನ್ನೊಮ್ಮೆ" ಎನ್ನದೆ ಬಿಡುವವನಲ್ಲ. ಅಂದು ಏನೂ ಅನ್ನಲಿಲ್ಲ. ಟೇಪು ಸುಮ್ಮನೆ ತಿರುಗುತ್ತಿತ್ತು. ಸಮೀಹಾ ಕಿವಿಯ ಹೆಡ್‌ಫೋನ್ ತೆಗೆದು ಗಾಜಿನ ಕಡೆ ತಿರುಗಿದಳು.

"ಅಣ್ಣಾ," ಎಂದಳು. "ಸರಿ ಬಂತಾ?"

"ಬಂತು ಕಣೇ," ಎಂದು ನಾನೇ ಮೈಕಿನ ಗುಂಡಿ ಒತ್ತಿ ಹೇಳಿದೆ. ನನ್ನ ಗಂಡನ ಕೈಲಿ ಆಗಲಿಲ್ಲ.